ಚಿಗವ್ವನ ಗ್ರಂಥಾಲಯ ಆನ್‌ಲೈನ್ ಆದದ್ದು

ನಮ್ಮ ಚಿಗವ್ವ ಮೊಬೈಲಿಗೂ ರಟ್ಟು ಹಾಕಿಸಿದವಳು! ನಗಬೇಡಿ, ಖರೆ ಹೇಳುತ್ತಿದ್ದೇನೆ. ಖಾಕಿ ಕಾಗದದ ಹೊದಿಕೆ, ಬೆನ್ನಿಗೆ ಚೀಟಿ, ಚೀಟಿಯ ಮೇಲೆ ನಂಬರು. ಲಕ್ಷ್ಮೇಶ್ವರದ ಹತ್ತಿರದ ಪುಟ್ಟ ಗ್ರಂಥಾಲಯವೊಂದರಲ್ಲಿ ಅರ್ಧ ಆಯುಷ್ಯ ಕಳೆದ ಕೈ ಅದು, ಸಿಕ್ಕಿದ್ದಕ್ಕೆಲ್ಲ ನಂಬರು ಹಾಕುತ್ತದೆ.

ಗ್ರಂಥಾಲಯದವರೂ ವಾಟ್ಸಾಪ್, ಫೇಸ್‌ಬುಕ್ ಕಲಿಯಬೇಕೆಂದು ಗದಗಿನಲ್ಲಿ ಎರಡು ದಿನ ತರಬೇತಿ ಆಯಿತು. ಹೋಗಿ ಬಂದವಳೇ ಓದುಗರ ವಾಟ್ಸಾಪ್ ಗುಂಪು ಕಟ್ಟಿದಳು. ಮರುದಿನ ಬೆಳಿಗ್ಗೆ ಯಾರೋ ಗುಲಾಬಿ ಹೂವಿನೊಡನೆ ಶುಭೋದಯ ಕಳಿಸಿದರು. ಚಿಗವ್ವ ತಕ್ಷಣ ಬರೆದಳು: "ಇದು ಗ್ರಂಥಾಲಯ ಐತಿ. ಗದ್ದಲ ಮಾಡಬ್ಯಾಡ್ರಿ." ಅಂದಿನಿಂದ ಆ ಗುಂಪಿನಲ್ಲಿ ಒಬ್ಬರೂ ತುಟಿ ಬಿಚ್ಚಿಲ್ಲ. ಇಂಥ ಇನ್ನೊಂದು ಗುಂಪು ಲೋಕದಲ್ಲಿದ್ದರೆ ತೋರಿಸಿ!

ಫೇಸ್‌ಬುಕ್ಕಿನಲ್ಲಿ ಮುಂಡರಗಿಯ ಮಾಸ್ತರರೊಬ್ಬರು ಗೆಳೆತನ ಕೇಳಿದರು.

"ಹಂಗ ಪುಕಟಗಿ ಹೆಂಗ ಸೇರಿಸ್ಕೊಳ್ಳೋದು? ಎರಡು ಫೋಟೋ ತಗೊಂಡು ಬರ್ಲಿ," ಎಂದಳು ಚಿಗವ್ವ.

ಪಾಪ, ಆ ಮಾಸ್ತರರು ಬಸ್ಸು ಹತ್ತಿ ತಂದೇ ಬಿಟ್ಟರು! ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, ಪುಸ್ತಕ ಕೊಟ್ಟ ಹಾಗೆ, ಹದಿನೈದು ದಿನದ ಮಟ್ಟಿಗೆ ಗೆಳೆತನ ಮಂಜೂರು ಮಾಡಿದಳು.

"ಚಿಗವ್ವಾ, ಗೆಳೆತನಕ್ಕ ಯಾರರ ವಾಯ್ದೆ ಹಾಕ್ತಾರೇನು?"

"ಹಾಕ್ಲಿಲ್ಲಂದ್ರ ಮಂದಿ ಹೊಳ್ಳಿ ಬರೂದಿಲ್ಲಲೇ!"

ಆಮೇಲೆ ಲೈವ್ ಹುಚ್ಚು ಹಿಡಿಯಿತು. ದಿನಾ ಮಧ್ಯಾಹ್ನ ಮೂರಕ್ಕೆ ಕಥೆ ಓದುವುದು. ಓದಿದಳು, ಆದರೆ ಮೊಬೈಲನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ! ನಲವತ್ತು ನಿಮಿಷ ನಮಗೆ ಕಂಡದ್ದು ತಿರುಗುವ ಫ್ಯಾನು. ಯಾರೋ ಫ್ಯಾನಿಗೇ ಲೈಕ್ ಒತ್ತಿದ್ದರು.

"ಮೊಬೈಲ್ ನೆಟ್ಟಗ ನಿಲ್ಲಸು," ಎಂದೆ.

"ನನ್ನ ಮಾರಿ ಏನ್ ನೋಡ್ತಾರ? ಕಥಿ ಕೇಳ್ಲಿ."

ವಾರದೊಳಗೆ ನೋಡುವವರು ಇಬ್ಬರೇ ಉಳಿದರು. ಒಬ್ಬ ನಾನು. ಒಂದು ದಿನ ಖುದ್ದು ಗ್ರಂಥಾಲಯಕ್ಕೇ ಹೋಗಿ ಹೇಳಿದೆ: "ಸಾಕು ಮಾಡು ಚಿಗವ್ವಾ. ಮಂದಿ ನಗ್ತಾರ."

ಅವಳು ಮೊಬೈಲಿನಲ್ಲಿ ಒಂದು ಧ್ವನಿಸಂದೇಶ ಹಚ್ಚಿ ನನ್ನ ಕೈಗೆ ಕೊಟ್ಟಳು. ಅದು ಇನ್ನೊಬ್ಬ ಕೇಳುಗ, ಶಿಗ್ಲಿಯ ಟೇಲರ್ ಚಾಚಾ ಕಳಿಸಿದ್ದು. ಒಂದು ಕಾಲಕ್ಕೆ ವಾರಕ್ಕೆ ಮೂರು ಕಾದಂಬರಿ ಒಯ್ಯುತ್ತಿದ್ದವರು.

"ಅಕ್ಕಾರ, ಎರಡೂ ಕಣ್ಣು ಹೋಗಿ ವರ್ಷ ಆತ್ರಿ. ಮಗಳು ದಿನಾ ಮೂರಕ್ಕ ಫೋನ್ ಹಚ್ಚಿ ಕಿವಿ ಹತ್ರ ಇಡ್ತಾಳ. ನಿನ್ನಿ ಕಥಿ ಅರ್ಧಕ್ಕ ನಿಂತೈತಿ. ರಾತ್ರಿ ನಿದ್ದಿ ಹತ್ತಲಿಲ್ಲ. ಕಥಿಯಾಗಿನ ಆ ಹುಡುಗಿ ಮನಿ ಮುಟ್ಟಿದಳೇನ್ರಿ?"

ಮೂರು ಗಂಟೆಯಾಗಿತ್ತು. ನಾನೇ ಲೈವ್ ಹಚ್ಚಿ ಮೊಬೈಲನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದೆ. ಚಿಗವ್ವ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು, ಪುಸ್ತಕ ತೆರೆದಳು, ಮೊಬೈಲಿನ ಕಡೆ ಬಾಗಿ ಮೆತ್ತಗೆ ಹೇಳಿದಳು:

"ಮುಟ್ಟತಾಳ್ರಿ ಚಾಚಾ, ಚಿಂತಿ ಮಾಡಬ್ಯಾಡ್ರಿ. ಹೆಂಗ ಮುಟ್ಟಿದ್ಲು ಅಂತ ಸಾವಕಾಶ ಓದ್ತೀನಿ."