ಅಟ್ಟದಿಂದ ಇಳಿದ ಪಿಟೀಲು

ಹನ್ನೆರಡು ವರ್ಷಗಳಿಂದ ಉದ್ಯಾವರದ ಹತ್ತಿರದ ನಮ್ಮ ಇಗರ್ಜಿಯಲ್ಲಿ ನಾನು ಪಿಟೀಲು ನುಡಿಸುತ್ತಿದ್ದೇನೆ. ಈ ಹನ್ನೆರಡು ವರ್ಷಗಳಲ್ಲಿ ನನ್ನ ವಾದನವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ಜೊತೆಗೆ ಹಾಡುವವರನ್ನೂ ಮಾಡಿನ ಬಾವಲಿಗಳನ್ನೂ ಬಿಟ್ಟರೆ ಯಾರೂ ಇಲ್ಲ! ಗಾಯನ ಮಂಡಳಿಯ ಜಾಗ ಹಿಂಬದಿಯಲ್ಲಿ, ಮುಖ್ಯ ಬಾಗಿಲಿನ ಮೇಲಿನ ಅಟ್ಟದಲ್ಲಿ. ಭಕ್ತಾದಿಗಳೆಲ್ಲ ಪೀಠದ ಕಡೆ ಮುಖ ಮಾಡಿ ಕೂತರೆ, ಈ ಕಲಾವಿದನ ಪಾಲಿಗೆ ಬರುವುದು ಗಂಡಸರ ಬೋಳುತಲೆ ಮತ್ತು ಹೆಂಗಸರ ಶಂಕರಪುರ ಮಲ್ಲಿಗೆ.

"ಈ ಸಲದ ಹಬ್ಬಕ್ಕೆ ನಾವು ಕೆಳಗೆ, ಪೀಠದ ಎದುರು ನಿಂತು ನುಡಿಸಿದರೆ ಹೇಗೆ?" ಎಂದು ಹೆಂಡತಿ ಮ್ಯಾಗ್ಡಲಿನ್‌ಳನ್ನು ಕೇಳಿದೆ.

"ಎಂತಕ್ಕೆ? ದೇವರಿಗೆ ಹಿಂದಿನಿಂದ ಕೇಳುವುದಿಲ್ವಾ?"

"ದೇವರಿಗೆ ಕೇಳ್ತದೆ. ಜನರಿಗೆ ಕಾಣಬೇಡ್ವಾ?"

"ಹಾಗೆ ಹೇಳಿ ಮತ್ತೆ! ನಿಮಗೆ ಪ್ರಾರ್ಥನೆ ಅಲ್ಲ, ಮೆರವಣಿಗೆ ಬೇಕು."

(ಅವಳು ಬಂಗುಡೆ ಮೀನು ಕೊಯ್ಯುತ್ತಿದ್ದಳು. ಕೈಯಲ್ಲಿ ಕತ್ತಿ ಇದ್ದವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ.)

ನೇರ ಪಾದ್ರಿಗಳ ಹತ್ತಿರ ಹೋದೆ. "ನಾವು ಕೆಳಗೆ ಬಂದರೆ ಜನರೂ ದನಿಗೂಡಿಸಿ ಹಾಡಬಹುದು ಫಾದರ್" ಎಂದೆ. ನಮ್ಮ ಫಾದರ್ ಆಲ್ಫೋನ್ಸ್ ಹಾಲಿನಂಥ ಮನಸ್ಸಿನವರು, ತಕ್ಷಣ ಒಪ್ಪಿದರು.

"ಒಂದು ಮಾತು, ಮ್ಯಾಕ್ಸಿಮ್. ಸಂಗೀತ ಜನರನ್ನು ದೇವರ ಕಡೆ ತಿರುಗಿಸಬೇಕು, ನಮ್ಮ ಕಡೆ ಅಲ್ಲ."

"ಖಂಡಿತ ಫಾದರ್" ಎಂದು ತಲೆ ತಗ್ಗಿಸಿದೆ. ತಗ್ಗಿಸಿದ ತಲೆಯ ಬೈತಲೆ ಎಡಕ್ಕಿರಲೋ ಬಲಕ್ಕಿರಲೋ ಎಂದೇ ಆಗ ಯೋಚಿಸುತ್ತಿದ್ದೆ.

ಹಬ್ಬದ ದಿನ ಟೆರಿಲಿನ್ ಬೆಲ್‌ಬಾಟಮ್, ದುಬಾಯಿ ಭಾವನ ಟೈ ಧರಿಸಿ ಪೀಠಕ್ಕೆ ಬೆನ್ನು ಹಾಕಿ ಜನರೆದುರು ನಿಂತೆ. ಪರಮ ಪ್ರಸಾದ ಹಂಚಿ ಫಾದರ್ ನನ್ನ ಬೆನ್ನ ಹಿಂದೆ, ಪೀಠದ ಬಳಿ ಹೋಗಿ ಕೂತರು. ಈಗ ನನ್ನ ಸರದಿ. ಕಣ್ಣು ಮುಚ್ಚಿ ನುಡಿಸತೊಡಗಿದೆ. ಎರಡನೆಯ ಚರಣಕ್ಕೆ ಕಣ್ಣು ತೆರೆದರೆ ಏನು ನೋಡುವುದು! ಮುಂದಿನ ಸಾಲಿನ ಮಕ್ಕಳು ಬಾಯಿ ತೆರೆದು ಸ್ತಬ್ಧ. ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಾರೆ. ತಾಯಿ ಸತ್ತಾಗಲೂ ಅಳದ ನಿವೃತ್ತ ಹವಾಲ್ದಾರ್ ಜಾರ್ಜ್ ಕರವಸ್ತ್ರದಲ್ಲಿ ಮುಖ ಹುದುಗಿಸಿ ಭುಜ ಕುಣಿಸುತ್ತಿದ್ದಾರೆ. ಇಡೀ ಇಗರ್ಜಿ ಕರಗಿಹೋಗಿದೆ! ನನಗೆ ಹುರುಪು ಏರಿ ಕೊನೆಯ ಚರಣವನ್ನು ಮೂರು ಸಲ ನುಡಿಸಿದೆ.

ಮನೆಗೆ ಬಂದಾಗ ಮ್ಯಾಗ್ಡಲಿನ್ ಕಣ್ಣೂ ಕೆಂಪು.

"ನೀನೂ ಅತ್ತೆಯಾ?" ಎಂದು ಮೃದುವಾಗಿ ಕೇಳಿದೆ.

"ಅಳುವುದಾ? ನಗು ತಡೆದು ತಡೆದು ಹೊಟ್ಟೆನೋವು ಬಂತು ಮಾರಾಯ್ರೇ! ನುಡಿಸುವಾಗ ನಿಮ್ಮ ಮುಖ ಎಂತ ಆಗ್ತದೆ ಗೊತ್ತುಂಟಾ?"

ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಮಾಡಿಯೇ ತೋರಿಸಿದಳು. ಎಡ ಹುಬ್ಬು ನೆತ್ತಿಗೆ ಹೋಯಿತು, ಕೆಳತುಟಿ ಬಲಗಿವಿಯ ಕಡೆ ಹೊರಟಿತು. ಏರುಸ್ವರ ಬಂದಾಗಲಂತೂ ಹಲ್ಲು ಕೀಳಿಸಿಕೊಳ್ಳುವವನ ಅವಸ್ಥೆ. (ಮನೆಯಲ್ಲಿ ನನ್ನ ಅಭ್ಯಾಸ ಬಾಗಿಲು ಹಾಕಿಕೊಂಡೇ ನಡೆಯುತ್ತದೆ. ಅದು ಅವಳದೇ ಕಾನೂನು, ಹಾಗಾಗಿ ಅವಳೂ ಈ ದೃಶ್ಯ ಕಂಡದ್ದು ಇದೇ ಮೊದಲು.)

"ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲ!"

"ಅಟ್ಟದಲ್ಲಿ ಹಾಡುವವರಿಗೆಲ್ಲ ಗೊತ್ತುಂಟಂತೆ, ನಿಮ್ಮ ಮಂಡಳಿಯ ಸೆಲೀನ್ ಹೇಳಿದಳು. ನಿಮಗೆ ಹೇಳಿ ಬೈಸಿಕೊಳ್ಳುವವರು ಯಾರು?"

ನನ್ನ ಮಾನ ಮೂರು ಕಾಸಿಗೆ ಹೋಗಿತ್ತು. ಉಂಡ ಕೈ ತೊಳೆದವನೇ ಫಾದರ್ ಬಳಿಗೆ ಓಡಿದೆ. "ಇನ್ನು ನಾನು ಅಟ್ಟದಲ್ಲೇ ಇರ್ತೇನೆ ಫಾದರ್. ನನ್ನನ್ನು ಯಾರೂ ನೋಡುವುದು ಬೇಡ."

ಫಾದರ್ ನನ್ನ ಎರಡೂ ಕೈ ಹಿಡಿದುಕೊಂಡರು. "ನನಗೆ ನಿಮ್ಮ ಬೆನ್ನು ಮಾತ್ರ ಕಂಡದ್ದು, ಮ್ಯಾಕ್ಸಿಮ್. ಆದರೆ ಜನರನ್ನು ನೋಡಿದೆ! ಆ ಜಾರ್ಜ್‌ಗೆ ಕಣ್ಣೊರೆಸಿ ಮುಗಿಯಲಿಲ್ಲ. ಅಷ್ಟು ಭಕ್ತಿ ಹುಟ್ಟಿಸಿದ ಮೇಲೂ ಅಡಗಿ ಕೂರ್ತೇನೆ ಅಂತೀರಲ್ಲ, ಎಂಥ ವಿನಯ!"

"ಫಾದರ್, ಅದು..."

ಅದು ಏನೆಂದು ಹೇಳುವುದು?

"ಏನೂ ಹೇಳಬೇಡಿ. ಇನ್ನು ಪ್ರತಿ ಭಾನುವಾರ ನೀವು ಕೆಳಗೇ ನುಡಿಸಬೇಕು."

ಮುಂದಿನ ಭಾನುವಾರ ಉಪದೇಶದ ನಡುವೆ ಫಾದರ್ ಕೆಳಗಿಳಿದು ಬಂದು, ನನ್ನ ಭುಜ ಹಿಡಿದು ಜನರ ಕಡೆ ತಿರುಗಿಸಿ ನಿಲ್ಲಿಸಿದರು.

"ಪ್ರತಿಭೆ ಇದ್ದೂ ವಿನಯದಿಂದ ಇರುವುದು ಹೇಗೆಂದು ಕಲಿಯಬೇಕಾ ಮಕ್ಕಳೇ? ಇವರು ನುಡಿಸುವಾಗ ಇವರ ಮುಖವನ್ನೇ ನೋಡುತ್ತಾ ಇರಿ."

ಮಕ್ಕಳೆಲ್ಲ ನೋಡಿದರು. ಯಾವಾಗಲೂ ಕೊನೆಯ ಸಾಲಿನಲ್ಲಿ ಕೂರುವ ಮ್ಯಾಗ್ಡಲಿನ್ ಅಂದು ಎರಡು ಕರವಸ್ತ್ರ ಹಿಡಿದುಕೊಂಡು ಮೊದಲ ಸಾಲಿನಲ್ಲೇ ಕೂತಿದ್ದಳು.