ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಅಕ್ಷತೆ

ನನಗೆ ಫೋಟೋ ತೆಗೆಯುವ ಚಟವಿದೆ. ಹವ್ಯಾಸ ಎನ್ನಬಹುದಿತ್ತು, ನನ್ನ ಹೆಂಡತಿ ಒಪ್ಪುವುದಿಲ್ಲ. ಭಾನುವಾರ ಬೆಳಗಾದರೆ ಕೆರೆ ಏರಿಯ ಮೇಲೆ ಬೋರಲು ಮಲಗಿ ಮಿಂಚುಳ್ಳಿ ಕಾಯುತ್ತೇನೆ. ಮಿಂಚುಳ್ಳಿ ಬಹಳ ಸಭ್ಯ ಜೀವಿ ಕಣ್ರೀ. ಒಂದೇ ಕೊಂಬೆಯ ಮೇಲೆ ಅರ್ಧ ಗಂಟೆ ಕೂರುತ್ತದೆ. 'ಅಣ್ಣ, ನಮ್ ಫ್ಯಾಮಿಲಿದೊಂದು ತೆಗೀರಿ' ಎನ್ನುವುದಿಲ್ಲ. ಅಂಥ ನಾಲ್ಕು ಚಿತ್ರಗಳನ್ನು ಸ್ಟೇಟಸ್‌ಗೆ ಹಾಕಿಕೊಂಡಿದ್ದೇ ನನ್ನ ಗ್ರಹಚಾರಕ್ಕೆ ಮೂಲ. ಹಕ್ಕಿಯನ್ನೇ ಹಿಡಿದವನು ಮದುಮಗನನ್ನು ಹಿಡಿಯಲಾರನೇ ಎಂದು ಜನ ಯೋಚಿಸುತ್ತಾರೆ.

ಹಾಗೆ ಯೋಚಿಸಿದವನು ಮಂಜ. ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಟೇಬಲ್ಲು. ಬೇರೆಯವರು ಮಾಡಿದ ಬಿಡಿಭಾಗಗಳಲ್ಲಿ ಕೂದಲೆಳೆಯಷ್ಟು ತಪ್ಪು ಹುಡುಕಿ ವಾಪಸ್ ಕಳಿಸುವುದೇ ನಮ್ಮಿಬ್ಬರ ಉದ್ಯೋಗ. "ಲೇ, ನನ್ ಮದ್ವೆ ಫೋಟೋ ನೀನೇ ತೆಗೀಬೇಕು ಕಣೋ. ಸ್ಟುಡಿಯೋದೋರು ಬಂದ್ರೆ ಗದ್ದ ಎತ್ತಿ, ಹಲ್ಲು ಕಾಣ್ಸಿ ಅಂತ ಪ್ರಾಣ ತಿಂತಾರೆ. ನೀನಾದ್ರೆ ಎಲ್ಲಾ ನ್ಯಾಚುರಲ್ಲು" ಎಂದ. ಬೇಡ ಮಾರಾಯ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿಯ ವಿಷಯ ತೆಗೆದ.

ಮಂಜನಿಗೆ ತಾಯಿ ಇಲ್ಲ. ಎತ್ತಿ ಆಡಿಸಿ ಬೆಳೆಸಿದವಳು ಹುಲಿಯೂರುದುರ್ಗದ ಅಜ್ಜಿ. ಆಕೆ ಬಚ್ಚಲಲ್ಲಿ ಜಾರಿ, ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದಳು. ಮದುವೆ ಹೆಣ್ಣಿನ ಊರಾದ ಗುಬ್ಬಿಯಲ್ಲಿ. ಅಷ್ಟು ದೂರ ಕಾರಿನಲ್ಲಿ ಮಲಗಿಸಿಕೊಂಡು ಹೋಗುವುದೂ ಬೇಡ ಎಂದಿದ್ದರು ಡಾಕ್ಟರು. ಲಗ್ನಪತ್ರಿಕೆ ಕೊಡಲು ಮಂಜನ ಜೊತೆ ನಾನೂ ಹೋಗಿದ್ದೆ. ವಿಡಿಯೋ ಕಾಲ್ ಮಾಡ್ತೀವಿ ಅಜ್ಜಿ ಎಂದರೆ ಆಕೆ ನನ್ನ ಕೈ ಹಿಡಿದುಕೊಂಡು, "ಆ ಫೋನೊಳಗೆ ಏನೂ ಕಾಣಾಕಿಲ್ಲ ಕಣಪ್ಪ, ಬರೀ ಕಿವಿ ಮೂಗು ಓಡಾಡ್ತವೆ. ನನ್ ಕೂಸು ತಾಳಿ ಕಟ್ಟೋದು, ಅದೊಂದು ಪಟ ತಗ್ದು ಗೋಡೆಗೆ ಹಾಕ್ಕೊಡು. ಮಿಕ್ಕಿದ್ದು ಏನಾರ ಮಾಡ್ಕೊ ಬುಡು" ಎಂದಳು. ಒಂದೇ ಒಂದು ಪಟ. ಆಗಲಿ ಅಜ್ಜಿ ಎಂದು ಮಾತು ಕೊಟ್ಟು ಬಂದೆ.

ಮದುವೆಯ ದಿನ ಕ್ಯಾಮೆರಾ ಕೊರಳಿಗೆ ಬಿದ್ದ ಕೂಡಲೇ ನಾನು ಸ್ನೇಹಿತನ ಪದವಿಯಿಂದ ಇಳಿದು 'ಫೋಟೋದೋರು' ಆಗಿಬಿಟ್ಟೆ. ತಿಂಡಿ ಆಯ್ತಾ ಅಂತ ಒಬ್ಬರೂ ಕೇಳಲಿಲ್ಲ. "ಫೋಟೋದೋರೇ, ಸ್ವಲ್ಪ ಪಕ್ಕಕ್ಕೆ ಹೋಗ್ರೀ, ಮದ್ವೆ ಕಾಣ್ತಿಲ್ಲ" ಎಂದು ಬೈದವರು ಮಾತ್ರ ಬೇಕಾದಷ್ಟು ಜನ. ನಾನೂ ಅಭ್ಯಾಸಬಲದಿಂದ ತೋರಣದ ಮೇಲೆ ಕೂತ ಜೇನುನೊಣದ ಹಿಂದೆ ಹತ್ತು ನಿಮಿಷ ಕಳೆದೆ, ಸುಳ್ಳೇಕೆ ಹೇಳಲಿ. ಆದರೆ ಮುಹೂರ್ತಕ್ಕೆ ಸಿದ್ಧನಾಗಿದ್ದೆ. ಹೊಸ ಬ್ಯಾಟರಿ ಹಾಕಿ, ಜಾಗ ಹಿಡಿದು, ಎರಡು ಸಲ ಪರೀಕ್ಷೆಯನ್ನೂ ಮಾಡಿ ನಿಂತಿದ್ದೆ.

ಆಗ ಒಬ್ಬ ಹೆಂಗಸು ತಟ್ಟೆ ಹಿಡಿದು ಬಂದು, "ತಗೊಳ್ಳಪ್ಪ" ಎಂದು ನನ್ನ ಬಲಗೈ ತುಂಬ ಅಕ್ಷತೆ ಸುರಿದರು. ಬೆಳಗಿನಿಂದ ನನ್ನನ್ನು ಮನುಷ್ಯ ಎಂದು ಕಂಡವರು ಅವರೊಬ್ಬರೇ, ಬೇಡ ಎನ್ನಲು ಮನಸ್ಸು ಬರಲಿಲ್ಲ. ಆದರೆ ಗುಂಡಿ ಒತ್ತಬೇಕಾದದ್ದೂ ಅದೇ ಕೈ! ಅಕ್ಷತೆಯನ್ನು ನೆಲಕ್ಕೆ ಚೆಲ್ಲುವ ಹಾಗಿಲ್ಲ, ಎಡಗೈಗೆ ದಾಟಿಸಿದರೆ ಲೆನ್ಸ್ ಹಿಡಿಯುವವರು ಯಾರು? ಈ ಸಂಕಟದಲ್ಲಿರುವಾಗಲೇ ಪುರೋಹಿತರು "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗಿದರು. ವಾಲಗ ಒಮ್ಮೆಲೇ ಜೋರಾಯಿತು. ಬುದ್ಧಿ ಬಂದಾಗಿನಿಂದ ಆ ಸದ್ದಿಗೆ ನನ್ನ ಕೈ ಮಾಡಿರುವುದು ಒಂದೇ ಕೆಲಸ. ಕ್ಯಾಮೆರಾ ಬಿಟ್ಟು, ಎರಡೂ ಕೈ ಮೇಲೆತ್ತಿ, ಬಾಯಿ ತೆರೆದು, ನನ್ನ ಮಂಜ ಚೆನ್ನಾಗಿರಲಪ್ಪಾ ಎಂದು ಮನಸಾರೆ ಎಸೆದೆ. ಕಣ್ಣಲ್ಲಿ ನೀರೂ ಬಂತು. ಒರೆಸಿಕೊಂಡು ನೋಡಿದರೆ ಮೂರು ಗಂಟೂ ಬಿದ್ದಾಗಿತ್ತು.

ಮೆಲ್ಲಗೆ ಹೋಗಿ, "ಮಂಜ, ಇನ್ನೊಂದ್ಸಲ ಕಟ್ಟೋ ಥರ ಹಿಡ್ಕೊಳ್ಳೋ" ಎಂದೆ. "ಒಂದ್ಸಲ ಕಟ್ಟಿದ್ದು ಸಾಲ್ದಾ ಅಣ್ಣ?" ಎಂದು ಮದುಮಗಳು ನಕ್ಕಳು. ಮಂಜ ನಗಲಿಲ್ಲ. "ಅದು ನಾಟ್ಕ ಆಯ್ತದೆ ಕಣೋ. ಅಜ್ಜಿಗೆ ಸುಳ್ ತೋರ್ಸ್ಲಾ?" ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಆಮೇಲೆ ನಾನು ಪಂಕ್ತಿ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತವರ ಫೋನು ಬೇಡುತ್ತಾ ಅಲೆದೆ. "ನೀವಿದ್ರಲ್ಲ, ಅದಕ್ಕೇ ನಾವ್ ತೆಗೀಲಿಲ್ಲ" ಎಂದರು ಕೆಲವರು. ತೆಗೆದವರ ಫೋನಿನಲ್ಲಿ ಮುಂದಿದ್ದವರ ಬೆನ್ನು, ಮೊಣಕೈಗಳೇ ಇದ್ದವು. ಕೊನೆಗೆ ಕೈ ತೊಳೆಯುವಲ್ಲಿ ನಮ್ಮ ಫ್ಯಾಕ್ಟರಿಯ ಲೇತ್ ವಿಭಾಗದ ಸಾದಿಕ್ ಸಿಕ್ಕಿದ. ತಿಂಗಳಿಗೆ ಹತ್ತು ಸಲ ಅವನ ಕೆಲಸವನ್ನು ವಾಪಸ್ ಕಳಿಸಿ ಹೊಟ್ಟೆ ಉರಿಸುವವನು ನಾನು. "ಬೈಬಾರ್ದು ಸಾರ್, ಒಂದಿದೆ. ನಾನ್ ನಿಮ್ಮನ್ನ ಹಿಡೀತಿದ್ದೆ. ನಾಳೆ ಎಲ್ರಿಗೂ ತೋರ್ಸಿ ನಗೋಣ ಅಂತ" ಎಂದು ಫೋನು ಕೊಟ್ಟ. ಚಿತ್ರದ ಒಂದು ಬದಿಗೆ ನಾನು: ಎರಡೂ ಕೈ ಮೇಲೆ, ಬಾಯಿ ಅಗಲ, ಹೊಟ್ಟೆಯ ಮೇಲೆ ಕ್ಯಾಮೆರಾ. ಪಕ್ಕದಲ್ಲೇ ಬಾಗಿದ ಹುಡುಗಿಯ ಕೊರಳು, ಗಂಟು ಹಾಕುತ್ತಿರುವ ಮಂಜನ ಬೆರಳು, ಗಾಳಿಯಲ್ಲಿ ನಿಂತ ಅಕ್ಷತೆ. ದೇವರಾಣೆ, ನನ್ನ ಜನ್ಮದಲ್ಲಿ ಅಂಥದ್ದೊಂದು ತೆಗೆದಿಲ್ಲ. ನನ್ನನ್ನು ಕತ್ತರಿಸಿಬಿಡೋಣವೆಂದರೆ ನನ್ನ ಜೊತೆ ಮಂಜನ ಅರ್ಧ ಭುಜವೂ ಹೋಗುತ್ತಿತ್ತು. ಸಾದಿಕ್‌ನನ್ನು ಅಲ್ಲೇ ತಬ್ಬಿಕೊಂಡೆ.

ಶಿರಾ ಗೇಟಿನ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಒಯ್ದೆವು. ಅಜ್ಜಿ ಪಟವನ್ನು ಎದೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. "ಕೈ ನಡುಗ್ತಾವೆ ನೋಡು ನನ್ ಕೂಸಿಗೆ" ಎಂದು ಅತ್ತಳು. ಮಂಜನೂ ಅತ್ತ. ನನಗೂ ತಡೆಯಲಾಗಲಿಲ್ಲ. "ಅಜ್ಜಿ, ಇದು ನಾನ್ ತೆಗ್ದಿದ್ದಲ್ಲ" ಎಂದೆ. "ಬುಡು ಬುಡು, ಒಳ್ಳೇರು ಹಂಗೇ ಅನ್ನಾದು" ಎಂದು ಕೆನ್ನೆ ಸವರಿದಳು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಂದು, "ಯಾರಜ್ಜಿ ತಗ್ದಿದ್ದು, ಇಷ್ಟ್ ಚೆಂದಾಗಿ?" ಎಂದು ಕೇಳಿದರು. ಅಜ್ಜಿ ಪಟದಲ್ಲಿ ನನ್ನ ತೆರೆದ ಬಾಯಿಯ ಮೇಲೆ ಬೆರಳಿಟ್ಟಳು. "ಇಗಾ, ಇವ್ನೇ ಕಣವ್ವ. ಕ್ಯಾಮ್ರ ಕೊಳ್ಳಾಗೇ ಐತಲ್ಲ, ಕಾಣಾಕಿಲ್ವಾ?" ಆಕೆ ಪಟವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಹೂಂ ಕಣಜ್ಜಿ, ಇವ್ರೇ" ಎಂದರು. ಸಾದಿಕ್ ಅಲ್ಲಿರಲಿಲ್ಲ. ಕೊಟ್ಟ ಕಾಫಿಯನ್ನು ನಾನು ತೆಪ್ಪಗೆ ಕುಡಿದೆ.