ಅರಳಿ ಗೋದಾಮಿಗೆ ಬೌಲಿಂಗ್ ಮಂಜೂರಾತಿ

ನನ್ನ ಅರ್ಜಿಯನ್ನು ತಿರಸ್ಕರಿಸುವ ಧೈರ್ಯ ನಮ್ಮೂರ ಪಂಚಾಯಿತಿಯಲ್ಲಿ ಯಾರಿಗೂ ಇಲ್ಲವೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಕಾರಣವೂ ಗಟ್ಟಿಯಾಗಿತ್ತು. ಪಂಚಾಯಿತಿಯ ಅಧ್ಯಕ್ಷ, ಮುಕ್ಕಾಲು ಪಾಲು ಸದಸ್ಯರು, ಬಿಲ್ ಕಲೆಕ್ಟರ್, ನೀರು ಬಿಡುವವನು, ಎಲ್ಲರೂ ಒಂದು ಕಾಲಕ್ಕೆ ನನ್ನೆದುರು ಬಸ್ಕಿ ಹೊಡೆದವರು. ನವಲಗುಂದ ತಾಲೂಕಿನ ಈ ಊರಿನ ಹೈಸ್ಕೂಲಿನಲ್ಲಿ ನಾನು ಮೂರು ದಶಕ ದೈಹಿಕ ಶಿಕ್ಷಕಿಯಾಗಿದ್ದೆ. ಹೆಸರು ಗಿರಿಜಾ. ಊರಿಗೆಲ್ಲ ಪೀಟಿ ಅಕ್ಕೋರು. ನಾನು 'ಸಾವಧಾನ್' ಅಂದರೆ ಓಣಿಯ ಎಮ್ಮೆಗಳೂ ನಿಲ್ಲುತ್ತವೆ ಎಂದು ಪ್ರತೀತಿ.

ಬೌಲಿಂಗ್ ನನ್ನ ತಲೆ ಹೊಕ್ಕಿದ್ದು ನಿವೃತ್ತಿಯ ದಿನ. ಶಾಲೆಯವರು ಬೀಳ್ಕೊಡುಗೆಯೆಂದು ಹುಬ್ಬಳ್ಳಿಯ ಮಾಲ್ ಒಂದಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಉದ್ದನೆಯ ಮರದ ಹಾಸು, ಅದರ ತುದಿಗೆ ಬಾಟ್ಲಿಯಂಥ ಹತ್ತು ಬಿಳಿ ಗೂಟ, ಕೈಯಲ್ಲಿ ಮೂರು ತೂತಿನ ಭಾರದ ಚೆಂಡು. ಉಳಿದವರು ನಗುತ್ತ ನಿಂತಿದ್ದಾಗ ನಾನು ಸೆರಗು ಸಿಗಿಸಿ ಒಂದೇ ಒಂದು ಸಲ ಉರುಳಿಸಿದೆ. ಹತ್ತೂ ಬಿದ್ದವು! ಆ ಸಪ್ಪಳಕ್ಕೆ ಎದೆಯಲ್ಲಿ ಏನೋ ತೆರೆದುಕೊಂಡಿತು, ಸುಳ್ಳೇಕೆ ಹೇಳಲಿ.

ನೆನಪಾದದ್ದು ಸುಜಾತಾ. ನನ್ನ ವಿದ್ಯಾರ್ಥಿನಿ, ಕಬಡ್ಡಿ ತಂಡದ ನಾಯಕಿ. ಅವಳು ಉಸಿರು ಹಿಡಿದು ಒಳನುಗ್ಗಿದರೆ ಎದುರಾಳಿಗಳು ದಿಕ್ಕಾಪಾಲಾಗುತ್ತಿದ್ದರು. ಮದುವೆಯಾಗಿ ನಮ್ಮ ಬಾಜು ಮನೆಯ ಗಂಗವ್ವನ ಸೊಸೆಯಾಗಿ ಬಂದಳು. ಈಗ ಅವಳ ಓಟವೆಲ್ಲ ನಲ್ಲಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಒಲೆಗೆ. ಹುಡುಗರು ಓಣಿಯಲ್ಲಿ ಆಡುವಾಗ ಕೊಡ ಹೊತ್ತುಕೊಂಡೇ ನಿಂತು ನೋಡುತ್ತಾಳೆ. ಗಂಡಸರಿಗೆ ಬಯಲಿದೆ, ಕಟ್ಟೆಯಿದೆ, ಪಾನ್ ಅಂಗಡಿಯೆದುರು ಕೇರಂ ಇದೆ. ಹೆಣ್ಣುಮಕ್ಕಳಿಗೆ? ಹತ್ತನೇ ಇಯತ್ತೆ ಮುಗಿಯಿತೋ, ಆಟವೂ ಮುಗಿಯಿತು. ಅವಳನ್ನು ಹಾಗೆ ನೋಡಿದಾಗಲೆಲ್ಲ, ಈಕೆಗೆ ಓಡಲು ಕಲಿಸಿದ್ದು ಇದಕ್ಕೇನಾ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಬೌಲಿಂಗ್ ಆದರೆ ನಾಲ್ಕು ಗೋಡೆಯ ಒಳಗಿನ ಆಟ. ಓಡುವುದಿಲ್ಲ, ಬೀಳುವುದಿಲ್ಲ, ಸೀರೆ ಅಡ್ಡ ಬರುವುದಿಲ್ಲ. ಮಾವನವರು ಅರಳಿ, ಅಂದರೆ ಹತ್ತಿ, ತುಂಬಿಸುತ್ತಿದ್ದ ಉದ್ದನೆಯ ಗೋದಾಮು ಮನೆಯ ಪಕ್ಕದಲ್ಲೇ ಖಾಲಿ ಬಿದ್ದಿತ್ತು. ಇನ್ನೇನು ಬೇಕು?

"ಮಂಜೂರಾತಿ ಬೇಕು," ಅಂದರು ನಮ್ಮನೆಯವರು. ಪೋಸ್ಟ್ ಮಾಸ್ತರರಾಗಿ ನಿವೃತ್ತರಾದವರು. ಮುದ್ರೆಯ ಠಸ್ಸೆ ಬೀಳದ ಯಾವ ವಸ್ತುವನ್ನೂ ನಂಬುವವರಲ್ಲ.

"ಮಂಜೂರಾತಿ ಏನ್ರಿ, ಒಂದು ಮಧ್ಯಾಹ್ನದ ಕೆಲಸ," ಅಂದೆ.

ಎಂಥ ಮಧ್ಯಾಹ್ನ! ಅದು ಮುಗಿಯುವಷ್ಟರಲ್ಲಿ ಕಡಲೆ ಬಿತ್ತಿ, ಕಿತ್ತು, ಒಕ್ಕಿ ಮಾರಿದ್ದರು.

ಪಂಚಾಯಿತಿಯ ಪಿಡಿಒ ಸಾಹೇಬರು ಹೊಸಬರು, ಬೇರೆ ಜಿಲ್ಲೆಯವರು. ಇಡೀ ಕಚೇರಿಯಲ್ಲಿ ನನ್ನ ಬಸ್ಕಿಯ ರುಚಿ ಕಾಣದ ಏಕೈಕ ಮನುಷ್ಯ! ಅರ್ಜಿಯನ್ನು ತಿರುವಿ ನೋಡಿ, "ಅಕ್ಕೋರ, ನಿಮ್ಮ ಓಣಿ ವಸತಿ ವಲಯದಾಗ ಬರ್ತೈತ್ರಿ. ಮನರಂಜನಿ ಕೇಂದ್ರ ಮಾಡಬೇಕಂದ್ರ ಬಾಜು ಮನಿಯವರ ತಕರಾರು ಇರಬಾರದು. ನಾವು ಬಂದು ಜಾಗಾ ನೋಡಬೇಕು. ಆಮ್ಯಾಲೆ ಠರಾವು. ಮನರಂಜನಿ ಅಂದ್ರ ಯಾವುದ್ರಿ? ಟಾಕೀಸು, ಸರ್ಕಸ್ಸು, ಇಸ್ಪೀಟ್ ಕ್ಲಬ್ಬು, ಇಷ್ಟ ಅದಾವು ನಮ್ಮ ಪಟ್ಟಿಯಾಗ," ಅಂದರು.

"ಬೌಲಿಂಗ್ ರಿ."

"ಅದು ಇಲ್ರಿ. ಸದ್ಯಕ್ಕ ಕ್ಲಬ್ ಅಂತ ಬರಕೊಳ್ಳಲೇನ್ರಿ?"

"ಬರಕೊಳ್ರಿ," ಅಂದೆ ಉದಾರವಾಗಿ. ಹೆಸರಿನಲ್ಲೇನಿದೆ!

ನಾನು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಗಂಗವ್ವ ಹಿತ್ತಲ ಗೋಡೆಯ ಮೇಲೆ ಮುಖವಿಟ್ಟು ಕಾಯುತ್ತಿದ್ದಳು. "ಅಕ್ಕೋರ, ಕ್ಲಬ್ ತೆಗೀತೀರಂತ? ಖರೇನ? ಕುಡ್ಯಾಕನೂ ಕೊಡ್ತೀರೇನು?"

"ಕೊಡ್ತೀನಿ. ಮಜ್ಜಿಗಿ!"

"ನಗಬ್ಯಾಡ್ರಿ. ನಮ್ಮನ್ಯಾಗ ಹರೇದ ಸೊಸಿ ಅದಾಳ. ತಕರಾರು ಕೊಡಾಕಿನ ನಾನು."

ತಿಳಿಸಿ ಹೇಳಬಹುದಿತ್ತು. ನಾನೋ, ಹೇಳುವುದಕ್ಕಿಂತ ಮಾಡಿ ತೋರಿಸುವುದೇ ಸರಿಯೆಂಬ ದೈಹಿಕ ಶಿಕ್ಷಣದ ಮೂಲತತ್ವವನ್ನು ಹಿಡಿದೆ. ಬಡಿಗ ಇಮಾಮ್ ಕಾಕಾನನ್ನು ಕರೆಸಿದೆ. "ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸ್ಯಾಳ," ಎಂದು ನಮ್ಮನೆಯವರು ಗೊಣಗಿದರು. ಕಾಕಾ ಗೋದಾಮಿನ ಈ ತುದಿಯಿಂದ ಆ ತುದಿಗೆ ಮರದ ಹಾಸು ಹಾಸಿದ. ಎರೆ ನೆಲ ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ ಎಂದು ನೆಲದಿಂದ ಒಂದು ಮೊಳ ಎತ್ತರಿಸಿ, ಮುಖ ಕಾಣುವಂತೆ ಪಾಲಿಶ್ ಹೊಡೆದ. ಹತ್ತು ಗೂಟಗಳನ್ನೂ ಕಡೆದು ಕೊಟ್ಟ. ಜೀವಮಾನವೆಲ್ಲ ತೊಟ್ಟಿಲ ಕಾಲು ಕಡೆದವನು, ಗೂಟಗಳೂ ಹಾಗೇ ಕಾಣುತ್ತಿದ್ದವು. ಇರಲಿ. ಬಣ್ಣ ಒಣಗಲೆಂದು ಅವನ್ನು ಗೋದಾಮಿನ ಬಾಗಿಲೆದುರು ಸಾಲಾಗಿ ನಿಲ್ಲಿಸಿದ.

ಸಂಜೆಯೊಳಗೆ ಊರಿಗೆ ಊರೇ ಮಾತಾಡಿತು. ಅಕ್ಕೋರು ಬಾಟ್ಲಿ ತರಿಸ್ಯಾರ! ಹಾಡಹಗಲ ಬಾಗಲದಾಗ ಇಟ್ಟಾರ!

ನನಗೆ ಸಿಟ್ಟು ನೆತ್ತಿಗೇರಿತು. ರಟ್ಟು ತಗೊಂಡು, 'ಇವು ಬಾಟ್ಲಿಗಳಲ್ಲ' ಎಂದು ದಪ್ಪಕ್ಷರದಲ್ಲಿ ಬರೆದು ತೂಗುಹಾಕಿದೆ. ಅಲ್ಲಿಯವರೆಗೆ ಸಂಶಯ ಬರದವರಿಗೂ ಅಂದು ಸಂಶಯ ಬಂತು. ಭಜನಾ ಮಂಡಳಿಯ ಹೆಂಗಸರು ನನ್ನನ್ನು ಕಂಡರೆ ಓಣಿ ಬದಲಿಸತೊಡಗಿದರು. ಹಾಲಿನವನು ಮಾತ್ರ ತಗ್ಗಿದ ದನಿಯಲ್ಲಿ, "ಎಂದಿನಿಂದ ಚಾಲೂರಿ?" ಎಂದು ಕೇಳಿ ಹೋದ. ಸುಜಾತಾ ಕೊಡ ಹೊತ್ತು ಹೋಗುವಾಗ ಗೋದಾಮಿನ ಕಡೆ ತಿರುಗಿಯೂ ನೋಡಲಿಲ್ಲ. ಅತ್ತೆ ಹಿಂದೆಯೇ ಇದ್ದಳು. ಅದು ನನಗೆ ಬಹಳ ನಟ್ಟಿತು. ಯಾರಿಗಾಗಿ ಹೊರಟೆನೋ ಅವಳೇ ಕಣ್ಣು ತಪ್ಪಿಸಿದಳು.

ಆಗ ಹೊಳೆಯಿತು ನನ್ನ ಮಹಾ ಉಪಾಯ. ನಮ್ಮ ಕಡೆ ಒಂದು ಮಾತಿದೆ: ಉಂಡ ಮನೆಯ ಜಂತಿ ಎಣಿಸಬಾರದು. ಪಿಡಿಒ ಸಾಹೇಬರು ಬರುವುದೇ ಜಂತಿ ಎಣಿಸಲು. ಅಂದೇ ಓಣಿಯವರಿಗೆಲ್ಲ ಊಟ ಹಾಕಿದರೆ? ಉಂಡವರು ತಕರಾರು ಎತ್ತುವುದಿಲ್ಲ, ಸಾಹೇಬರು ಎಣಿಸುವುದಿಲ್ಲ. ಒಂದೇ ಊಟಕ್ಕೆ ಎರಡೂ ಗೂಟ ಬೀಳುತ್ತವೆ!

ಗೋಧಿ ಹುಗ್ಗಿ, ಮೇಲೆ ಧಾರಾಳ ತುಪ್ಪ, ಎಣ್ಣೆಗಾಯಿ, ರೊಟ್ಟಿ, ಅನ್ನ, ಸಾರು. ಪರಿಶೀಲನೆಯ ದಿನ ನಾನು ಸಾಹೇಬರನ್ನು ಕರೆತರಲು ಪಂಚಾಯಿತಿಗೆ ಹೋದೆ. ಜನರನ್ನು ಕೂರಿಸುವ ಹೊಣೆ ನಮ್ಮನೆಯವರಿಗೆ ಬಿಟ್ಟೆ. ಬಿಡಬಾರದಿತ್ತು.

ಬಂದು ಬಾಗಿಲಲ್ಲಿ ನಿಂತೆ. ನನ್ನ ಬೌಲಿಂಗ್ ಹಾಸಿನ ಎರಡೂ ಬದಿಗೆ ಜಮಖಾನೆ ಹಾಸಿಟ್ಟಿದ್ದಾರೆ. ಅದರ ಮೇಲೆ ಎರಡು ಉದ್ದನೆಯ ಪಂಕ್ತಿ. ಪಾಲಿಶ್ ಹೊಡೆದ ಹಾಸಿನ ಮೇಲೆ ಈ ತುದಿಯಿಂದ ಆ ತುದಿಗೆ ಪತ್ರಾವಳಿ! ಕ್ಲಬ್ ಎಂದು ಬಾಯಿ ಬಡಿದುಕೊಂಡ ಭಜನಾ ಮಂಡಳಿ ಇಡಿಯಾಗಿ ಕುಳಿತಿದೆ. ನಡುವೆ ಗಂಗವ್ವ.

"ಎಂಥಾ ಛಲೋ ಮಾಡ್ಸೀರಿ ಅಕ್ಕೋರ!" ಅಂದಳು ಬಾಯಿತುಂಬ. "ಬಗ್ಗೂದ ಬ್ಯಾಡ, ಮೊಣಕಾಲ ನೋವು ಇಲ್ಲ. ಇಷ್ಟ ಉದ್ದ ಪಂಕ್ತಿ ಹಲಗಿ ನಾ ಯಾ ಊರಾಗೂ ನೋಡಿಲ್ಲ ಬಿಡ್ರಿ. ಮೊದಲ ಹೇಳಬಾರದ, ಇದಕ್ಕಂತ?"

"ಇದು ಪಂಕ್ತಿ ಹಲಗಿ ಅಲ್ಲ!" ಎಂದು ನಾನು ಚೀರುವಷ್ಟರಲ್ಲಿ ಸಾಹೇಬರು ಚಪ್ಪಲಿ ಕಳಚಿ ಕುಳಿತಾಗಿತ್ತು. ಮೂರು ಸಲ ಹುಗ್ಗಿ ಹಾಕಿಸಿಕೊಂಡರು. ಬಡಿಸಿದ್ದು ನಾನೇ. ಕೊನೆಗೆ ಅವರು ತೃಪ್ತಿಯಿಂದ ಸುತ್ತ ನೋಡಿ, "ಈ ಜಾಗದ ಬಗ್ಗೆ ಯಾರದರ ತಕರಾರು ಐತೇನ್ರಿ?" ಎಂದು ಕೇಳಿದರು. ಬಾಯಿ ತುಂಬಿದ್ದರಿಂದ ತಲೆಗಳೆಲ್ಲ ಒಟ್ಟಿಗೆ ಅಡ್ಡಡ್ಡ ಆಡಿದವು. ಸಾಹೇಬರು ಬರೆದುಕೊಂಡರು. ನನ್ನ ಕಣ್ಣಲ್ಲಿ ನೀರು ಬಂತು.

"ಇನ್ನ ಆಟ ಒಂದೀಟು ತೋರಸ್ರಿ," ಅಂದರು ಸಾಹೇಬರು.

ಪತ್ರಾವಳಿ ತೆಗೆಸಿ, ಹಾಸು ಒರೆಸಿ, ಗೂಟ ನಿಲ್ಲಿಸಿದೆ. ಈ ಕ್ರೀಡೆಯ ಘನತೆಯ ಬಗ್ಗೆ ಗಂಭೀರವಾಗಿ ನಾಲ್ಕು ಮಾತಾಡಿದೆ. ಸೆರಗು ಸಿಗಿಸಿದೆ. ಹುಬ್ಬಳ್ಳಿಯಿಂದ ತರಿಸಿದ ಹಳೆಯ ಚೆಂಡಿನಲ್ಲಿ ಬೆರಳಿಟ್ಟು ಕೈಯನ್ನು ಹಿಂದಕ್ಕೆ ಬೀಸಿದೆ. ಬೆರಳಿನಲ್ಲಿ ಹುಗ್ಗಿಯ ತುಪ್ಪ ಇತ್ತೆಂಬುದು ಆಗ ತಿಳಿಯಿತು.

ಚೆಂಡು ಹಿಂದಕ್ಕೇ ಹೋಯಿತು! ಬಡಿಸುವವರ ಕಾಲ ನಡುವೆ ಉರುಳಿ, ಗೋಡೆಗಾನಿಸಿದ್ದ ಖಾಲಿ ಅನ್ನದ ಡಬರಿಗೆ ಬಡಿಯಿತು. ಡಬರಿಯ ನಾದ ಬಹಳ ಹೊತ್ತು ನಿಲ್ಲಲಿಲ್ಲ. ನಾನು ಕೈಯನ್ನು ಹಿಂದಕ್ಕೇ ಚಾಚಿಕೊಂಡು ನಿಂತಿದ್ದೆ.

ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು.

"ಹೊಳ್ಳಿ ನೋಡದ ಹೊಡದ್ರಲ್ರಿ! ಅಗದಿ ಗುರಿ ಅಂದ್ರ ಇದು!" ಅಂದಳು ಗಂಗವ್ವ.

"ಇದರಾಗ ಡಬರಿಗೆ ಹೊಡೀಬೇಕೇನ್ರಿ?" ಅಂದರು ಸಾಹೇಬರು, ಪೆನ್ನು ಹಿಡಿದೇ.

ಅದೇನೇ ಇರಲಿ, ತಕರಾರು ಇಲ್ಲವೆಂದು ಬರೆದಾಗಿತ್ತು. ಮಂಜೂರಾತಿ ಬಂದ ದಿನ ನಾನು ಲಕೋಟೆಯನ್ನು ಒಡೆಯದೆಯೇ ಓಣಿಗೆಲ್ಲ ಪೇಢೆ ಹಂಚಿದೆ. ಹಂಚಿ ಬಂದಾಗ ನಮ್ಮನೆಯವರು ಕನ್ನಡಕ ಏರಿಸಿ ಓದುತ್ತಿದ್ದರು.

"ಗಿರಿಜಾ, ಪೇಢೆ ಉಳದಾವೇನು?"

"ಯಾಕ್ರಿ?"

"ಉಳದಿದ್ರ ನೀನೂ ಒಂದು ತಿನ್ನು. ಬಾಯಿ ಕಹಿ ಆಗತೈತಿ."

ಓದಿದೆ. ಸದರಿ ಗೋದಾಮನ್ನು ಖುದ್ದಾಗಿ ಪರಿಶೀಲಿಸಲಾಗಿ, ಪಂಕ್ತಿ ಭೋಜನಕ್ಕೆ ಅತ್ಯಂತ ಅನುಕೂಲವಿರುವುದು ಕಂಡುಬಂದು, ನೆರೆಹೊರೆಯವರು ಸಂತೋಷ ವ್ಯಕ್ತಪಡಿಸಿದ್ದರಿಂದ, ಮದುವೆ ಮುಂತಾದ ಶುಭಕಾರ್ಯಗಳ ಮಂಗಲ ಕಾರ್ಯಾಲಯವೆಂದು ಮಂಜೂರು ಮಾಡಲಾಗಿದೆ. ಸದರಿ ಜಾಗದಲ್ಲಿ ಆಟೋಟ ನಡೆಸತಕ್ಕದ್ದಲ್ಲ.

"ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡಿದಂಗಾತು," ಅಂದರು ನಮ್ಮನೆಯವರು. ಆದರೆ ನಗಲಿಲ್ಲ. ಅಂದು ನಾನು ಅತ್ತುಬಿಟ್ಟೆ. ದೊಡ್ಡವರ ಹಾಗೆ ಅಲ್ಲ, ಓಟದಲ್ಲಿ ಬಿದ್ದ ಹುಡುಗಿಯ ಹಾಗೆ, ಮೂಗು ಸುರಿಸಿಕೊಂಡು. ಆಟವಾಡಬೇಕಾದ ಹುಡುಗಿಯರನ್ನು ತಲೆತಗ್ಗಿಸಿ ಮಣೆ ಮೇಲೆ ಕೂರಿಸುವ ಜಾಗಕ್ಕೆ ಒಡತಿಯಾಗಿದ್ದೆ ನಾನು! ಪಂಚಾಯಿತಿಗೆ ಹೋಗಿ ಜಗಳವಾಡಿದೆ. ಅಧ್ಯಕ್ಷ ಎದ್ದು ನಿಂತು, "ಬೇಕಂದ್ರ ಬಸ್ಕಿ ಹೊಡೀತೀನ್ರಿ ಅಕ್ಕೋರ, ಠರಾವು ಬದಲ ಮಾಡಾಕ ಬರೂದಿಲ್ಲ," ಅಂದ.

ಮೊದಲ ಮದುವೆ ಗಂಗವ್ವನ ತಮ್ಮನ ಮಗಳದು. ಅಕ್ಷತೆ ಬಿತ್ತು, ಪಂಕ್ತಿ ಎದ್ದವು. ಗಂಡಸರು ಎಲೆ ಅಡಿಕೆ ಹಿಡಿದು ಹೊರಗೆ ಬೇವಿನ ಮರದ ಕೆಳಗೆ ಸೇರಿದರು. ನಾನು ಮೂಲೆಯಲ್ಲಿ ಮುಖ ಗಂಟು ಹಾಕಿ ಕುಳಿತಿದ್ದೆ. ಸುಜಾತಾ ಬಂದು ಪಕ್ಕದಲ್ಲಿ ನಿಂತಳು.

"ಅಕ್ಕೋರ, ಸ್ವಲ್ಪ ಹೊರಗ ನಿಂದರ್ರಿ. ಬಾಗಲಾ ಹಾಕ್ಕೊಳ್ಳೂದೈತಿ."

"ಯಾಕ?"

ಅವಳ ಹಿಂದೆ ನಾಲ್ಕಾರು ಹುಡುಗಿಯರು ಗೂಟಗಳನ್ನು ತಬ್ಬಿಕೊಂಡು ನಿಂತಿದ್ದರು. ಮದುಮಗಳೂ ಇದ್ದಳು, ಬಾಸಿಂಗ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು.

"ಮಂಜೂರಾತಿ ಇಲ್ಲ ಸುಜಾತಾ," ಅಂದೆ. "ಆಟದ ಮನಿ ಮಾಡಬೇಕಂತ ಎಷ್ಟ ಒದ್ದಾಡಿದೆ, ಆಗಲಿಲ್ಲ ನೋಡು."

"ಛಲೋ ಆತು ಬಿಡ್ರಿ," ಅಂದಳು! "ಆಟದ ಮನಿ ಅಂದಿದ್ರ ನಮ್ಮತ್ತಿ ನನ್ನ ಹೊಸ್ತಿಲ ದಾಟಾಕ ಬಿಡತಿದ್ದಳೇನ್ರಿ? ಯಾರ ಮನ್ಯಾಗ ಬಿಡತಿದ್ದರು? ಮದುವಿ ಅಂದ್ರ ಯಾರೂ ಕೇಳೂದಿಲ್ರಿ. ತಾವಾಗೇ ಕಳಸ್ತಾರ."

ನಾನು ಪಿಡಿಒ ಸಾಹೇಬರನ್ನು ಕೇಳಿದ್ದೆ, ಅಧ್ಯಕ್ಷನನ್ನು ಕೇಳಿದ್ದೆ, ಇಡೀ ಓಣಿಯನ್ನು ಉಣ್ಣಿಸಿ ಕೇಳಿದ್ದೆ. ನಿಮ್ಮನ್ನು ಬಿಡುತ್ತಾರೇನೇ ಎಂದು ಈ ಹುಡುಗಿಯರಲ್ಲಿ ಒಬ್ಬಳನ್ನೂ ಕೇಳಿರಲಿಲ್ಲ. ನಾನು ಬಯಸಿದ ಮಂಜೂರಾತಿ ಸಿಕ್ಕಿದ್ದರೆ ಗೋದಾಮಿನಲ್ಲಿ ನಾನೂ ಹಾಲಿನವನೂ ಇಬ್ಬರೇ ಇರುತ್ತಿದ್ದೆವು!

"ಹಂಗಾದ್ರ ನಡೀರಿ, ಕೈ ಹೆಂಗ ಬೀಸಬೇಕಂತ ಹೇಳಿಕೊಡ್ತೀನಿ," ಎಂದು ಎದ್ದೆ.

"ಬ್ಯಾಡ್ರಿ. ನೀವು ಬಂದ್ರ ಡ್ರಿಲ್ ಮಾಡಸ್ತೀರಿ. ಬಾಗಲಾ ಕಾಯ್ರಿ."

ಹೊರಗೆ ಬಂದೆ. ಒಳಗಿನಿಂದ ಅಗಳಿ ಬಿತ್ತು. ಸ್ವಲ್ಪ ಹೊತ್ತಿಗೆ ಧಡಾರ್ ಎಂಬ ಸಪ್ಪಳ, ಆಮೇಲೆ ಕಿಲಕಿಲ ನಗು. ಸುಜಾತಾಳ ಆ ದೊಡ್ಡ ನಗುವನ್ನು ಮೈದಾನ ಬಿಟ್ಟ ಮೇಲೆ ನಾನು ಕೇಳಿಯೇ ಇರಲಿಲ್ಲ. ಅಷ್ಟರಲ್ಲಿ ಗಂಗವ್ವ ಬಂದಳು.

"ಒಳಗ ಏನ ಸಪ್ಪಳ ಅಕ್ಕೋರ?"

"ಭಾಂಡೆ ತಿಕ್ಕಾಕತ್ತಾರ," ಅಂದೆ, ಬಾಗಿಲಿಗೆ ಅಡ್ಡ ನಿಂತು.

"ನಾ ಮುದುಕಿ ಆಗೀನಿ, ಕಿವುಡಿ ಆಗಿಲ್ಲ. ಸರೀರಿ!" ನನ್ನನ್ನು ಬದಿಗೆ ಸರಿಸಿ ಬಾಗಿಲು ಬಡಿದಳು. "ಸುಜಾತಾ, ತೆಗಿಬೇ!"

ಅಗಳಿ ತೆಗೆದ ಸದ್ದು. ಗಂಗವ್ವ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು, ಬೇವಿನ ಮರದ ಕಡೆ ನೋಡಿದಳು, ಸೆರಗನ್ನು ಸೊಂಟಕ್ಕೆ ಸಿಗಿಸಿದಳು. ಒಳಗೆ ಹೋದಳು. ಅಗಳಿ ಮತ್ತೆ ಬಿತ್ತು.

ಬೈಗುಳಕ್ಕಾಗಿ ಕಿವಿಗೊಟ್ಟು ನಿಂತೆ. ಬೈಗುಳ ಬರಲಿಲ್ಲ. ಧಡಾರ್ ಎಂದಿತು! ಎಲ್ಲರಿಗಿಂತ ಜೋರಾಗಿ ನಕ್ಕದ್ದು ಗಂಗವ್ವನೇ. ಇನ್ನು ತಡೆಯಲಾಗದೆ ನಾನೇ ಬಾಗಿಲು ತಟ್ಟಿದೆ.

"ಯಾರಬೇ ಅದು?"

"ನಾನು, ಗಿರಿಜಾ. ನಂದೂ ಒಂದು ಕೈ ಆಗಲಿ!"

"ಪಾಳಿ ಐತ್ರಿ ಅಕ್ಕೋರ, ತಡೀರಿ!" ಎಂದಿತು ಗಂಗವ್ವನ ದನಿ. "ಗಂಡಸೂರು ಬಂದ್ರ ನೋಡಾಕ ಯಾರರ ಬೇಕಲ್ಲ?"

ಅಂದಿನಿಂದ ಪ್ರತಿ ಮದುವೆಯಲ್ಲೂ ಇದೇ ಕಥೆ. ನನ್ನ ಪಾಳಿ ಇನ್ನೂ ಬಂದಿಲ್ಲ. ಇಡೀ ಊರಿನಲ್ಲಿ ಬೌಲಿಂಗ್ ಆಡಲು ಮಂಜೂರಾತಿ ಸಿಗದ ಹೆಂಗಸೆಂದರೆ ನಾನೊಬ್ಬಳೇ!